ಬಲೆಯೋ ಪರದೆಯೋ? ಗ್ಯಾರೇಜಿನ ಗಾಲ್ಫ್‌ಗೆ ಯಾವುದನ್ನು ಕಟ್ಟಬೇಕು

ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿ ನವೆಂಬರ್ ಬಂತೆಂದರೆ ನನ್ನ ಗಾಲ್ಫ್ ಬ್ಯಾಗು ಮೂಲೆ ಸೇರುತ್ತದೆ. ಮತ್ತೆ ಹೊರಗೆ ಬರುವುದು ಏಪ್ರಿಲ್‌ಗೆ. ಅಷ್ಟು ದಿನ ಸುಮ್ನೆ ಕೂರಲಾಗದೆ, ಮೂರು ವರ್ಷದ ಹಿಂದೆ ಒಂದು ಕಾರನ್ನು ಹೊರಗೆ ನಿಲ್ಲಿಸಿ ಗ್ಯಾರೇಜಿನಲ್ಲೇ ಸಿಮ್ಯುಲೇಟರ್ ಕಟ್ಟಲು ಹೊರಟೆ. ಚೆಂಡಿನ ಹೊಡೆತ ಅಳೆಯುವ ಸಾಧನ, ಅಂದರೆ ಲಾಂಚ್ ಮಾನಿಟರ್, ಯಾವುದು ತಗೊಳ್ಳಬೇಕು ಅಂತ ಎರಡು ತಿಂಗಳು ಓದಿದೆ. ಚೆಂಡನ್ನು ತಡೆಯುವ ಬಟ್ಟೆ ಯಾವುದು ಅಂತ ಹತ್ತು ನಿಮಿಷವೂ ಯೋಚಿಸಲಿಲ್ಲ. ಅಗ್ಗದ್ದೊಂದು ಪರದೆ ತರಿಸಿದೆ. ಶಾಮಿಯಾನ ಕಟ್ಟುವವರ ಹಾಗೆ ನಾಲ್ಕೂ ಕಡೆ ಎಳೆದು ಬಿಗಿದೆ. ಮೊದಲ ಹೊಡೆತ ಸೆವೆನ್ ಐರನ್ ಅನ್ನುವ ಕ್ಲಬ್ಬಿನಲ್ಲಿ, ಅಂದರೆ ಹೊಡೆಯುವ ಕೋಲಿನಲ್ಲಿ. ಚೆಂಡು ಪರದೆಗೆ ಬಡಿದು, ಹೋದ ದಾರಿಯಲ್ಲೇ ವಾಪಸ್ ಬಂದು, ಮೊಣಕಾಲಿನ ಕೆಳಗಿನ ಮೂಳೆಗೆ ಸರಿಯಾಗಿ ಬಿತ್ತು. ಒಂದು ವಾರ ಕುಂಟಿದೆ.

ಅಲ್ಲಿಂದ ಇಲ್ಲಿಯವರೆಗೆ ಬಲೆ, ಪರದೆಗಳ ನಾಲ್ಕು ಬಗೆಯನ್ನೂ ಕಟ್ಟಿ ಬಿಚ್ಚಿದ್ದೇನೆ. ಮೈಸೂರಿನಲ್ಲಿ ನನ್ನ ಭಾವಮೈದ ತಾರಸಿ ಮೇಲೆ ಕಟ್ಟಿಕೊಂಡದ್ದನ್ನೂ ನೋಡಿದ್ದೇನೆ. ಅವನದು ಬೇರೆಯೇ ಕಥೆ, ಆಮೇಲೆ ಹೇಳುತ್ತೇನೆ.

ಸಿಮ್ಯುಲೇಟರ್ ನೋಡಿರದವರಿಗೆ ಎರಡು ಮಾತು. ನಿಜವಾದ ಚೆಂಡನ್ನೇ ಮ್ಯಾಟಿನ ಮೇಲಿಟ್ಟು ಹೊಡೆಯುತ್ತೀರಿ. ಪಕ್ಕದಲ್ಲೋ ಹಿಂದೆಯೋ ಇರುವ ಲಾಂಚ್ ಮಾನಿಟರ್ ಅದರ ವೇಗ, ದಿಕ್ಕು, ತಿರುಗುವಿಕೆ ಅಳೆಯುತ್ತದೆ. ಅದು ಎಷ್ಟು ದೂರ ಹೋಗುತ್ತಿತ್ತು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಮೈದಾನದ ಚಿತ್ರದಲ್ಲಿ ತೋರಿಸುತ್ತದೆ. ಆದರೆ ನಿಜವಾದ ಚೆಂಡು ಹತ್ತು ಅಡಿಯೊಳಗೆ ನಿಲ್ಲಬೇಕು. ಅದನ್ನು ನಿಲ್ಲಿಸುವುದೇ ಬಲೆ, ಇಲ್ಲವೇ ಇಂಪ್ಯಾಕ್ಟ್ ಸ್ಕ್ರೀನ್ ಅನ್ನುವ ಪರದೆ. 2025ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಶುರುವಾದ, ಸಿಮ್ಯುಲೇಟರ್ ಪರದೆಗೆ ಹೊಡೆದು ಆಡುವ ಟಿಜಿಎಲ್ ಗಾಲ್ಫ್ ಲೀಗ್ ನೋಡಿದವರಿಗೆ ಥಟ್ಟನೆ ಹೊಳೆಯುತ್ತದೆ. ಅಲ್ಲಿನ ಪರದೆ 64 ಅಡಿ ಅಗಲ, 53 ಅಡಿ ಎತ್ತರ. ನಮ್ಮದು 10 ಅಡಿ ಅಗಲ, 8 ಅಡಿ ಎತ್ತರ ಆದರೆ ಅದೇ ಪುಣ್ಯ.

ಚೆಂಡು ಸಣ್ಣದು, ಪೆಟ್ಟು ಸಣ್ಣದಲ್ಲ

ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ಅಡ್ಡಳತೆ 42.67 ಮಿಲಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ. ಅಂಗೈಯಲ್ಲಿ ಇಟ್ಟುಕೊಂಡರೆ ನಿಂಬೆಹಣ್ಣಿನ ಹಾಗಿರುತ್ತದೆ. ನನ್ನಂಥ ಸಾಧಾರಣ ಆಟಗಾರ ಡ್ರೈವರ್‌ನಲ್ಲಿ, ಅಂದರೆ ಅತಿ ದೂರ ಹೊಡೆಯುವ ಕ್ಲಬ್ಬಿನಲ್ಲಿ, ಹೊಡೆದರೆ ಇದು ಗಂಟೆಗೆ ಸುಮಾರು 215 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಶಕ್ತಿ ಲೆಕ್ಕ ಹಾಕಿದರೆ 82 ಜೂಲ್ ಆಸುಪಾಸು. ಮೀಡಿಯಂ ಪೇಸರ್ ಒಬ್ಬ 115 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಲ್ಲೂ ಇಷ್ಟೇ ಶಕ್ತಿ ಇರುತ್ತದೆ. ಆದರೆ ಇಲ್ಲಿ ಅಷ್ಟೂ ಪೆಟ್ಟು ನಿಂಬೆಹಣ್ಣಿನಷ್ಟು ಜಾಗದ ಮೇಲೆ ಬೀಳುತ್ತದೆ. ಬಟ್ಟೆ ಹರಿಯುವುದು ಅದಕ್ಕೇ.

ಈ ಚೆಂಡನ್ನು ಎರಡು ಇಂಚಿನೊಳಗೆ ನಿಲ್ಲಿಸಿದರೆ ಬಟ್ಟೆಯ ಮೇಲೆ ಸರಾಸರಿ 165 ಕಿಲೋ ಭಾರ ಕೂತಷ್ಟು ಒತ್ತಡ. ಒಂದಡಿ ಹಿಂದಕ್ಕೆ ಹೋಗಲು ಬಿಟ್ಟು ನಿಲ್ಲಿಸಿದರೆ ಬರೀ 27 ಕಿಲೋ. ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ತಗೊಳ್ಳುತ್ತೇವಲ್ಲ, ಅದೇ ಲೆಕ್ಕ. ಹಾಗಾಗಿ ಯಾವ ಬಗೆ ಕೊಂಡರೂ ಮೊದಲು ನೋಡಬೇಕಾದ್ದು ಅದರ ಹಿಂದೆ ಎಷ್ಟು ಜಾಗ ಇದೆ, ಎಷ್ಟು ಸಡಿಲ ಬಿಡಬಹುದು ಅನ್ನುವುದು. ನನ್ನ ಕಾಲಿಗೆ ಬಿದ್ದ ಪೆಟ್ಟಿಗೂ ಕಾರಣ ಪರದೆಯ ಅಗ್ಗದ ಬೆಲೆ ಅಲ್ಲ, ನಾನು ಬಿಗಿದ ಬಿಗಿತ.

ನಾಲ್ಕು ದಾರಿ

ಮೊದಲನೆಯದು ಸಾದಾ ಗಾಲ್ಫ್ ಬಲೆ. ಗಂಟು ಹಾಕಿದ್ದೋ ಹೆಣೆದದ್ದೋ ಇರುತ್ತದೆ, ನೈಲಾನ್ ಅಥವಾ ಪಾಲಿಯೆಸ್ಟರ್. ಬಲೆಯ ಕಣ್ಣು ಮುಕ್ಕಾಲು ಇಂಚಿನಿಂದ ಒಂದು ಇಂಚು. ಚೆಂಡು ಬಡಿದ ತಕ್ಷಣ ಬಲೆ ಹಿಂದಕ್ಕೆ ಹೋಗುತ್ತದೆ, ಚೆಂಡು ಅಲ್ಲೇ ಕೆಳಗೆ ಬೀಳುತ್ತದೆ. ಸದ್ದು ಕಡಿಮೆ, ಬೆಲೆಯೂ ಕಡಿಮೆ. ಪ್ರೊಜೆಕ್ಟರ್ ಬಿಡುವ ಮೈದಾನದ ಚಿತ್ರ ಮಾತ್ರ ಇದರ ಮೇಲೆ ನಿಲ್ಲುವುದಿಲ್ಲ. ಪಕ್ಕದಲ್ಲಿ ಒಂದು ಟ್ಯಾಬ್ಲೆಟ್ಟೋ ಹಳೇ ಟಿವಿಯೋ ಇಟ್ಟುಕೊಂಡು ಚೆಂಡು ಎಲ್ಲಿ ಹೋಯಿತು ಅಂತ ನೋಡಬೇಕು. ಹೊಡೆಯುವುದು ಒಂದು ಕಡೆ, ತಿರುಗಿ ನೋಡುವುದು ಇನ್ನೊಂದು ಕಡೆ. ಮೊದಲ ವಾರ ಕಿರಿಕಿರಿ ಅನಿಸುತ್ತದೆ. ಸ್ವಿಂಗ್ ಸರಿ ಮಾಡಿಕೊಳ್ಳುವುದೇ ನಿಮ್ಮ ಗುರಿಯಾದರೆ ಆಮೇಲೆ ಮರೆತೇ ಹೋಗುತ್ತದೆ. ನಾನು ಬಹಳ ದಿನ ಇದರಲ್ಲೇ ಆಡಿದೆ.

ಎರಡನೆಯದು ಒತ್ತಾಗಿ ಹೆಣೆದ ಬಲೆ. ಇಲ್ಲಿ ಆರ್ಚರಿ ನೆಟ್ ಅಂತ ಮಾರುತ್ತಾರೆ. ಬಾಣ ತಡೆಯಲು ಮಾಡಿದ್ದು, ಸಿಮ್ಯುಲೇಟರ್ ಕಟ್ಟುವವರು ಎತ್ತಿಕೊಂಡುಬಿಟ್ಟಿದ್ದಾರೆ. ಕಣ್ಣು ತೀರಾ ಚಿಕ್ಕದು. ದೂರದಿಂದ ನೋಡಿದರೆ ಬಟ್ಟೆಯೇ ಅನ್ನಬೇಕು. ಚೆಂಡನ್ನು ಇದು ನಿಲ್ಲಿಸುವ ರೀತಿ ನೋಡಲೇ ಚೆಂದ. ದಪ್ಪ ರಜಾಯಿಗೆ ಎಸೆದ ಹಾಗೆ ಸದ್ದಿಲ್ಲದೆ ಒಳಗೆ ಹೋಗಿ, ಜೋತು, ಕೆಳಗೆ ಬೀಳುತ್ತದೆ. ಬಿಳಿ ಬಣ್ಣದ್ದು ತಗೊಂಡರೆ ಪ್ರೊಜೆಕ್ಟರ್ ಚಿತ್ರವೂ ಒಂದಿಷ್ಟು ಮೂಡುತ್ತದೆ. ಬಲೆ, ಪರದೆ ಎರಡೂ ಒಂದರಲ್ಲೇ ಬೇಕು ಅನ್ನುವವರ ದಾರಿ ಇದು. ಇದಕ್ಕೆ ಹಿಂದೆ ಜಾಗ ಜಾಸ್ತಿ ಬೇಕು. ನನ್ನ ಗ್ಯಾರೇಜಿನಲ್ಲಿ ಡ್ರೈವರ್ ಹೊಡೆತಕ್ಕೆ ಒಂದೂವರೆ ಅಡಿ ಹಿಂದಕ್ಕೆ ಹೋಗುತ್ತಿತ್ತು. ಗೋಡೆಗೆ ಒಂದೇ ಅಡಿ ಬಿಟ್ಟು ಕಟ್ಟಿದರೆ ಚೆಂಡು ಬಲೆ ಸಮೇತ ಗೋಡೆಗೆ ಬಡಿಯುತ್ತದೆ.

ಮೂರನೆಯದು ಒಂದೇ ಪದರದ ಪಾಲಿಯೆಸ್ಟರ್ ಪರದೆ. ನಯವಾದ ನೇಯ್ಗೆ, ಒಳ್ಳೆಯ ಚಿತ್ರ. ಅಂಚಿನಲ್ಲಿ ಫ್ಲೆಕ್ಸ್ ಬ್ಯಾನರಿಗೆ ಹೊಡೆದಂತೆ ಲೋಹದ ರಿಂಗುಗಳಿರುತ್ತವೆ. ತೊಂದರೆ ಎರಡು: ಚೆಂಡು ವಾಪಸ್ ಬರುತ್ತದೆ, ಸದ್ದು ಮಾಡುತ್ತದೆ. ನಮ್ಮ ಗ್ಯಾರೇಜಿನ ಹಿಂದಿನ ಗೋಡೆ ಅಂದರೆ ಅಡುಗೆಮನೆ ಗೋಡೆ. ಎರಡನೇ ದಿನವೇ ಹೆಂಡತಿ ಬಾಗಿಲು ತೆಗೆದು, "ರೀ, ಒಗೆಯೋ ಕಲ್ಲಿನ ಮೇಲೆ ಜಮಖಾನ ಒಗೀತಿದ್ದೀರಾ?" ಅಂದಳು. ಅದಕ್ಕಿಂತ ಸರಿಯಾಗಿ ಆ ಸದ್ದನ್ನು ನನಗೆ ಹೇಳಲು ಬರುವುದಿಲ್ಲ.

ನಾಲ್ಕನೆಯದು ಮೂರು ಪದರದ ಪರದೆ. ಮುಂದೆ, ಹಿಂದೆ ನೇಯ್ದ ಬಟ್ಟೆ, ನಡುವೆ ಸ್ಪಂಜಿನಂತೆ ಒತ್ತಿದರೆ ಕುಗ್ಗುವ ಪದರ. ಶಾಲೆ ಬ್ಯಾಗಿನ ಬೆನ್ನಿಗೆ ತಾಗುವ ಭಾಗದಲ್ಲಿ ಗಾಳಿಯಾಡುವ ಮೆತ್ತನೆ ಬಟ್ಟೆ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಜಾತಿ. ಸದ್ದು ಇಳಿಯುತ್ತದೆ, ಚೆಂಡು ಅಷ್ಟು ಜೋರಾಗಿ ತಿರುಗಿ ಬರುವುದಿಲ್ಲ, ಬಾಳಿಕೆ ಜಾಸ್ತಿ. ಭಾರ ಇದೆ, ಬೆಲೆಯೂ ಇದೆ. ವಾರಕ್ಕೆ ನಾಲ್ಕು ದಿನ ಆಡುವವರಿಗೆ, ಮನೆಗೆ ಸ್ನೇಹಿತರನ್ನು ಕರೆದು ಹದಿನೆಂಟು ಹೋಲ್, ಅಂದರೆ ಒಂದು ಪೂರ್ತಿ ಆಟ, ಆಡುವವರಿಗೆ ಇದು ಸರಿ. ತಿಂಗಳಿಗೊಮ್ಮೆ ಆಡುವವರು ಇದಕ್ಕೆ ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಬಲೆಯ ಮೇಲೆ ಚಿತ್ರ ಬೀಳುತ್ತದಾ?

ಬೀಳುತ್ತದೆ, ಆದರೆ ಸ್ವಲ್ಪ ಬಲೆಯ ಮೇಲೆ, ಸ್ವಲ್ಪ ಅದರ ಹಿಂದೆ. ಒತ್ತು ಬಲೆ ಕಟ್ಟಿ ಮೊದಲ ಸಲ ಪ್ರೊಜೆಕ್ಟರ್ ಹಾಕಿದಾಗ ಹುಲ್ಲು ಹಸಿರಾಗಿ ಕಂಡಿತು, ಖುಷಿಯಾಯಿತು. ಹತ್ತಿರ ಹೋಗಿ ನೋಡಿದರೆ ಕಣ್ಣುಗಳೊಳಗಿಂದ ಬೆಳಕು ತೂರಿ ಹಿಂದಿನ ಶೆಲ್ಫ್ ಮೇಲೆ ಎರಡನೇ ಗಾಲ್ಫ್ ಮೈದಾನ ಮೂಡಿತ್ತು. ಹದಿನಾಲ್ಕನೇ ಹೋಲಿನ ಬಾವುಟ ಪೇಂಟ್ ಡಬ್ಬದ ಮೇಲೆ. ಎರಡು ಚಿತ್ರ ಒಂದರ ಹಿಂದೆ ಒಂದು ಇದ್ದರೆ ಕಣ್ಣು ಬೇಗ ಸೋಲುತ್ತದೆ.

ಉಪಾಯ ಸುಲಭ. ಬಲೆಯ ಹಿಂದೆ, ಅದು ಹೋಗಿ ತಾಗದಷ್ಟು ದೂರದಲ್ಲಿ, ಕಪ್ಪು ದಪ್ಪ ಬಟ್ಟೆ ಇಳಿಬಿಡಿ. ತೂರಿದ ಬೆಳಕನ್ನು ಅದು ನುಂಗಿಕೊಳ್ಳುತ್ತದೆ. ಚಿತ್ರ ಇನ್ನೂ ಸ್ವಲ್ಪ ಮಂಕೇ. ಗ್ಯಾರೇಜಿನ ದೀಪ ಆರಿಸಿ, 3000 ಲ್ಯುಮೆನ್ಸ್‌ಗಿಂತ ಮೇಲಿನ ಪ್ರೊಜೆಕ್ಟರ್ ಹಾಕಿದರೆ ಆಟಕ್ಕೆ ಸಾಕು. ಅದೇ ಪರದೆಯ ಮೇಲೆ ಮಕ್ಕಳ ಜೊತೆ ಸಿನಿಮಾ ನೋಡುವ ಆಸೆ ಇದ್ದರೆ ಮಾತ್ರ ನೇಯ್ದ ಪರದೆಗೇ ಹೋಗಿ.

ಪ್ರೊಜೆಕ್ಟರ್ ಕೊಳ್ಳುವಾಗ ಥ್ರೋ ರೇಶಿಯೋ ಅನ್ನುವ ಒಂದು ಸಂಖ್ಯೆ ನೋಡಿ. ಚಿತ್ರದ ಅಗಲವನ್ನು ಅದರಿಂದ ಗುಣಿಸಿದರೆ ಪ್ರೊಜೆಕ್ಟರ್ ಎಷ್ಟು ದೂರದಲ್ಲಿರಬೇಕು ಅಂತ ಗೊತ್ತಾಗುತ್ತದೆ. 10 ಅಡಿ ಅಗಲದ ಚಿತ್ರಕ್ಕೆ 1.5 ಆದರೆ 15 ಅಡಿ ದೂರ. ಅಂದರೆ ಅದು ನಿಮ್ಮ ಬೆನ್ನ ಹಿಂದೆ ಇರುತ್ತದೆ, ನಿಮ್ಮ ನೆರಳೇ ಮೈದಾನದ ಮೇಲೆ ಬೀಳುತ್ತದೆ. 0.8 ಆದರೆ 8 ಅಡಿಗೆ, ನಿಮ್ಮ ಮುಂದೆ ಸೂರಿನಲ್ಲಿ ನಿಲ್ಲುತ್ತದೆ. ಚಿತ್ರದ ಆಕಾರವನ್ನೂ ಲೆಕ್ಕಕ್ಕೆ ತಗೊಳ್ಳಿ. 10 ಅಡಿ ಅಗಲಕ್ಕೆ 16:9 ಚಿತ್ರದ ಎತ್ತರ ಐದೂವರೆ ಅಡಿ ಚಿಲ್ಲರೆ. 4:3 ಆದರೆ ಏಳೂವರೆ ಅಡಿ. ಎಂಟು ಅಡಿ ಎತ್ತರದ ಪರದೆಗೆ ಎರಡನೆಯದೇ ಹೊಂದುತ್ತದೆ.

ಅಳತೆ ಹಿಡಿಯುವಾಗ

ನನ್ನ ಗ್ಯಾರೇಜು 20 ಅಡಿ ಉದ್ದ, 9 ಅಡಿ ಎತ್ತರ. ಗೋಡೆಯಿಂದ 2 ಅಡಿಗೆ ಬಲೆ. ಬಲೆಯಿಂದ 9 ಅಡಿಗೆ ಚೆಂಡು. ನನ್ನದು ರಾಡಾರ್ ಬಗೆಯ ಲಾಂಚ್ ಮಾನಿಟರ್, ಚೆಂಡಿನಿಂದ 7 ಅಡಿ ಹಿಂದೆ ನೆಲದ ಮೇಲೆ ಕೂರುತ್ತದೆ. ಒಟ್ಟು 18. ಉಳಿದ ಎರಡು ಅಡಿಯಲ್ಲಿ ಮಕ್ಕಳ ಸೈಕಲ್. ರಾಡಾರ್ ಬಗೆಯವು ಚೆಂಡು ಹಾರುವುದನ್ನು ಹಿಂದಿನಿಂದ ನೋಡುತ್ತವೆ. ಹಾಗಾಗಿ ಅವಕ್ಕೆ ಚೆಂಡಿನ ಮುಂದೆ ಎಂಟಡಿಯಾದರೂ ಖಾಲಿ ಬೇಕು. ಕ್ಯಾಮೆರಾ ಬಗೆಯವು ಪಕ್ಕದಲ್ಲಿ ಅಥವಾ ತಲೆ ಮೇಲೆ ಇರುತ್ತವೆ, ಹೊಡೆದ ಕ್ಷಣವನ್ನೇ ಹಿಡಿಯುತ್ತವೆ. ಜಾಗ ಕಡಿಮೆ ಇದ್ದವರಿಗೆ ಅವೇ ವಾಸಿ. ಬಲೆಗೆ ಹಿಂದೆ ಜಾಸ್ತಿ ಜಾಗ ಬೇಕು, ರಾಡಾರಿಗೂ ಜಾಸ್ತಿ ಜಾಗ ಬೇಕು. ಎರಡೂ ಸೇರಿದರೆ ಸಣ್ಣ ಗ್ಯಾರೇಜಿನಲ್ಲಿ ಹಿಡಿಸುವುದಿಲ್ಲ. ಆಗ ಕಡಿಮೆ ಜಗ್ಗುವ ಮೂರು ಪದರದ ಪರದೆ ಹಾಕಿ, ಅದರ ಹಿಂದೆ ಒಂದು ಒಂದೂಕಾಲು ಅಡಿ ಬಿಟ್ಟರೂ ನಡೆಯುತ್ತದೆ.

ಎತ್ತರವನ್ನು ಸೂರಿಗೆ ಅಳೆಯಬೇಡಿ. ಸೂರಿನಿಂದ ಕೆಳಗೆ ಇಳಿದಿರುವ ವಸ್ತುವಿಗೆ ಅಳೆಯಿರಿ. ಅಮೆರಿಕದ ಗ್ಯಾರೇಜುಗಳಲ್ಲಿ ಬಾಗಿಲು ಎತ್ತುವ ಮೋಟಾರಿನ ಕಂಬಿ ನಡುವೆ ಹಾದುಹೋಗಿರುತ್ತದೆ. ಡ್ರೈವರ್ ಕೈಲಿ ಹಿಡಿದು ನಿಧಾನಕ್ಕೆ ಒಂದು ಸ್ವಿಂಗ್ ಮಾಡಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. 9 ಅಡಿ ಬಹಳ ಜನಕ್ಕೆ ಸಾಕು, 10 ಇದ್ದರೆ ನೆಮ್ಮದಿ.

ಮೇಲಕ್ಕೆ, ಪಕ್ಕಕ್ಕೆ ಹೋಗುವ ಚೆಂಡನ್ನು ಎಲ್ಲರೂ ಮರೆಯುತ್ತಾರೆ. ವೆಜ್‌ನಲ್ಲಿ, ಅಂದರೆ ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ಕ್ಲಬ್ಬಿನಲ್ಲಿ, ಹೊಡೆದ ಚೆಂಡು 35 ಡಿಗ್ರಿಯಲ್ಲಿ ಎದ್ದರೆ 9 ಅಡಿ ದೂರಕ್ಕೆ ಹೋಗುವಷ್ಟರಲ್ಲಿ ಆರಡಿ ಮೇಲಿರುತ್ತದೆ. ಇನ್ನು ಶ್ಯಾಂಕ್ ಹೊಡೆದರೆ, ಅಂದರೆ ಕ್ಲಬ್ಬಿನ ಕುತ್ತಿಗೆಗೆ ತಾಗಿದರೆ, ಬಲಗೈ ಆಟಗಾರನ ಚೆಂಡು ಬಲಕ್ಕೆ ಸಿಡಿಯುತ್ತದೆ. ಮುಂದೆ ಎಷ್ಟೇ ಒಳ್ಳೆಯ ಪರದೆ ಕಟ್ಟಿದ್ದರೂ ಅದು ಆ ಕಡೆ ತಿರುಗಿಯೂ ನೋಡುವುದಿಲ್ಲ. ಮೇಲೆ ಒಂದು ತುಂಡು, ಎರಡು ಪಕ್ಕಕ್ಕೆ ನಾಲ್ಕು ನಾಲ್ಕು ಅಡಿ ಸಾದಾ ಬಲೆ ಕಟ್ಟಲೇಬೇಕು. ನಮ್ಮ ವಾಟರ್ ಹೀಟರ್ ಪಕ್ಕದ ಗೋಡೆಯಲ್ಲಿ ಗುಂಡಗೆ ಒಂದು ಗುಳಿ ಇದೆ. ಅದು ನಾನು ಇದನ್ನು ಕಲಿತ ದಿನದ್ದು.

ಕಟ್ಟುವ ಕೆಲಸ

ಚೌಕಟ್ಟಿಗೆ ಇಲ್ಲಿ ಎಲ್ಲರೂ ಒಂದು ಇಂಚಿನ ಇಎಂಟಿ ಪೈಪ್ ತಗೊಳ್ಳುತ್ತಾರೆ. ಕರೆಂಟ್ ವೈರು ಹಾಯಿಸುವ ಲೋಹದ ಪೈಪ್ ಅದು. ಮೂಲೆಗೆ ಮೂರು ಕವಲಿನ ಜೋಡಣೆಗಳು ಸಿಗುತ್ತವೆ, ತಿರುಪು ಬಿಗಿದರೆ ಮುಗಿಯಿತು. ಪೈಪಿಗೆ ಫೋಮ್ ಸುತ್ತದೆ ಒಂದು ಚೆಂಡನ್ನೂ ಹೊಡೆಯಬೇಡಿ. ಬರೀ ಪೈಪಿಗೆ ಬಡಿದ ಚೆಂಡು ಯಾವ ಕಡೆ ಬರುತ್ತದೆ ಅಂತ ದೇವರಿಗೇ ಗೊತ್ತು. ಎಸಿ ಪೈಪಿಗೆ ತೊಡಿಸುವ ಕಪ್ಪು ಫೋಮ್ ಕೊಳವೆ ಇದಕ್ಕೆ ಸಾಕು.

ಬಲೆಯನ್ನೋ ಪರದೆಯನ್ನೋ ಪೈಪಿಗೆ ನೇರವಾಗಿ ಬಿಗಿಯಬೇಡಿ. ತುದಿಯಲ್ಲಿ ಗುಂಡು ಇರುವ ಎಲಾಸ್ಟಿಕ್ ಕುಣಿಕೆಗಳಿಂದ ತೂಗುಹಾಕಿ. ಮೇಲೆ ಒತ್ತಾಗಿ, ಪಕ್ಕದಲ್ಲಿ ಒಂದು ಬಿಟ್ಟು ಒಂದು, ಕೆಳಗೆ ಪೂರ್ತಿ ಸಡಿಲ. ನನ್ನ ಪರೀಕ್ಷೆ ಇದು: ನಡುಭಾಗಕ್ಕೆ ಅಂಗೈ ಇಟ್ಟು ತಳ್ಳಿ. ನೇಯ್ದ ಪರದೆ ಒಂದು ಗೇಣು ಹಿಂದೆ ಹೋಗಬೇಕು. ಬಲೆ ಒಂದು ಮೊಳದ ಹತ್ತಿರ ಹೋಗಬೇಕು. ಪರದೆಯಲ್ಲಿ ಅಲ್ಲಲ್ಲಿ ಸುಕ್ಕು ಕಾಣುತ್ತದೆ, ಚಿತ್ರ ಅಷ್ಟು ನೀಟಾಗಿ ಬರುವುದಿಲ್ಲ. ಕಾಣಲಿ ಬಿಡಿ. ಸುಕ್ಕು ಹೋಗಲಿ ಅಂತ ಬಿಗಿದವರ ಕಾಲಿಗೇ ಪೆಟ್ಟು.

ಕೆಳ ಅಂಚು ನೆಲದ ಮೇಲೆ ಅರ್ಧ ಅಡಿ ಮಲಗಿರಬೇಕು. ಇಲ್ಲದಿದ್ದರೆ ತಳಕ್ಕೆ ತಾಗಿದ ಚೆಂಡು ಕೆಳಗಿಂದ ನುಸುಳಿಬಿಡುತ್ತದೆ.

ಮೈಸೂರಿನ ತಾರಸಿ

ಈಗ ಭಾವಮೈದನ ಕಥೆ. ಅವನ ಮಗಳಿಗೆ ಗಾಲ್ಫ್ ಹುಚ್ಚು ಹಿಡಿದದ್ದು 2021ರ ಆಗಸ್ಟ್ 7ರ ಬೆಳಗ್ಗೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಒಂದೇ ಒಂದು ಸ್ಟ್ರೋಕ್‌ನಲ್ಲಿ, ಅಂದರೆ ಒಂದೇ ಹೊಡೆತದಲ್ಲಿ, ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು. ಅಂದು ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ಮನೆಗಳಲ್ಲೂ ಟಿವಿ ಹಾಕಿಕೊಂಡು ಕೂತಿದ್ದರಲ್ಲ. ಕೆಲವು ವರ್ಷ ಬಿಟ್ಟು ಇವನು ತಾರಸಿಯಲ್ಲಿ ಜಿಐ ಪೈಪಿನ ಚೌಕಟ್ಟು ಹಾಕಿಸಿದ. ಗ್ರಿಲ್ ಕೆಲಸದವರು ಒಂದೇ ದಿನದಲ್ಲಿ ಗಟ್ಟಿಮುಟ್ಟಾಗಿ ವೆಲ್ಡ್ ಮಾಡಿಕೊಟ್ಟರು. ಬಲೆ ಮಾತ್ರ ಕ್ರಿಕೆಟ್ ಪ್ರಾಕ್ಟೀಸಿನದು. ಸುಲಭವಾಗಿ ಸಿಗುತ್ತದೆ, ಗಟ್ಟಿ ಇದೆ, ಇನ್ನೇನು ಬೇಕು ಅಂದುಕೊಂಡ.

ಅವತ್ತು ಸಂಜೆ ಫೋನ್ ಬಂತು. "ಭಾವ, ಬಾಲ್ ಬಲೆ ಒಳಗಿಂದಾನೇ ಹೋಗ್ಬಿಡ್ತು."

"ಹರಿದಿದ್ಯಾ?"

"ಇಲ್ಲ ಭಾವ. ಬಲೆ ಚೆನ್ನಾಗೇ ಇದೆ. ಪಕ್ಕದ ಮನೆ ಸೋಲಾರ್ ಟ್ಯೂಬ್ ಹೋಯ್ತು."

ಅವನು ತಂದ ಕ್ರಿಕೆಟ್ ಬಲೆಯ ಕಣ್ಣು 50 ಮಿಲಿಮೀಟರ್. ಗಾಲ್ಫ್ ಚೆಂಡು ಹತ್ತಿರ ಹತ್ತಿರ 43. ಕ್ರಿಕೆಟ್ ಚೆಂಡಿನ ಅಡ್ಡಳತೆ 70ರ ಮೇಲೆ, ಹಾಗಾಗಿ ಅದಕ್ಕೆ ಆ ಕಣ್ಣು ಸರಿ. ನಮ್ಮದಕ್ಕೆ ಬಾಗಿಲು ತೆಗೆದಿಟ್ಟ ಹಾಗೆ. ಎರಡು ಪದರ ಮಾಡಿ ಕಟ್ಟುತ್ತೇನೆ ಅಂದ. ಬೇಡ ಅಂದೆ. ಎರಡು ಬಲೆ ಗಾಳಿಗೆ ಸರಿದು ಕಣ್ಣಿಗೆ ಕಣ್ಣು ಕೂಡಿದರೆ ಮತ್ತೆ ಅದೇ ಗತಿ. ಬಾಲ್ಕನಿಗೆ ಹಾಕುವ ಪಾರಿವಾಳದ ಬಲೆಯೂ ಆಗುವುದಿಲ್ಲ. ಅದರ ಎಳೆ ಹಕ್ಕಿ ತಡೆಯಲು ಮಾಡಿದ್ದು, ಪೆಟ್ಟು ತಡೆಯಲು ಅಲ್ಲ. ನರ್ಸರಿಯ ಹಸಿರು ಶೇಡ್ ನೆಟ್‌ಗೆ ಕಣ್ಣೇನೋ ಚಿಕ್ಕದು, ಆದರೆ ನಾಲ್ಕು ಹೊಡೆತಕ್ಕೆ ಸೀಳುತ್ತದೆ. ಬಲೆ ಅಂಗಡಿಯಲ್ಲಿ ಹೋಗಿ "25 ಮಿಲಿಮೀಟರ್ ಒಳಗಿನ ಕಣ್ಣು, ದಪ್ಪ ಎಳೆ" ಅಂತ ಕೇಳಿ ಮಾಡಿಸಿಕೊಳ್ಳಬೇಕು. ಹೋಗುವಾಗ ಜೇಬಿನಲ್ಲಿ ಒಂದು ಗಾಲ್ಫ್ ಚೆಂಡು ಇರಲಿ. ಅಲ್ಲೇ ಕಣ್ಣಿಗೆ ಒತ್ತಿ ನೋಡಿ.

ತಾರಸಿಗೆ ಬಿಸಿಲಿನ ಲೆಕ್ಕವೂ ಸೇರುತ್ತದೆ. ನೈಲಾನ್ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ, ನೆನೆದರೆ ನೀರು ಹೀರಿ ಜೋಲುತ್ತದೆ. ಬಿಸಿಲು ತಡೆಯುವಂತೆ ಮಾಡಿದ ಎಚ್‌ಡಿಪಿಇ ಪ್ಲಾಸ್ಟಿಕ್ ಅಥವಾ ಪಾಲಿಯೆಸ್ಟರ್ ಆಗಬಹುದು. ನೇಯ್ದ ಪರದೆಯನ್ನು ತಾರಸಿಯಲ್ಲಿ ಕಟ್ಟುವ ಯೋಚನೆಯೇ ಬೇಡ. ಹಗಲು ಪ್ರೊಜೆಕ್ಟರ್ ಚಿತ್ರ ಕಾಣುವುದಿಲ್ಲ, ಗಾಳಿ ಬಂದರೆ ಅದು ಹಡಗಿನ ಹಾಯಿ. ಅಪಾರ್ಟ್‌ಮೆಂಟ್ ಕೋಣೆಯೊಳಗೆ ಕಟ್ಟುವವರೂ ಬಲೆಗೇ ಹೋಗಿ. ಆದರೆ ಕೆಳಗಿನ ಮನೆಯವರಿಗೆ ಕೇಳುವುದು ಬಲೆಯ ಸದ್ದಲ್ಲ, ಕ್ಲಬ್ಬು ಮ್ಯಾಟಿಗೆ ಬಡಿಯುವ ಸದ್ದು. ಮ್ಯಾಟಿನ ಕೆಳಗೆ ದಪ್ಪ ರಬ್ಬರ್ ಹಾಸಿ.

ಹರಿಯುವುದು ಎಲ್ಲಿಂದ

ಪರದೆ ಹರಿಯುವುದಕ್ಕೆ ಡ್ರೈವರ್‌ಗಿಂತ ವೆಜ್ ಕಾರಣ ಆಗುವುದು ಜಾಸ್ತಿ. ವೆಜ್‌ನ ಹರಿತ ಗೆರೆಗಳು ಚೆಂಡಿನ ಸಿಪ್ಪೆ ಎಬ್ಬಿಸುತ್ತವೆ. ಆ ಸಿಪ್ಪೆ ಎದ್ದ ಚೆಂಡು ಗರಗರ ತಿರುಗುತ್ತ ಹೋಗಿ ಬಟ್ಟೆಯನ್ನು ಉಜ್ಜುತ್ತದೆ, ತೆಂಗಿನಕಾಯಿ ತುರಿದ ಹಾಗೆ. ಹೊಡೆಯುವ ಮುಂಚೆ ಚೆಂಡನ್ನು ಬೆರಳಲ್ಲಿ ಸವರಿ ನೋಡಿ. ಒರಟಿದ್ದರೆ ಪಕ್ಕಕ್ಕಿಡಿ. ಪೆನ್ನಿನಲ್ಲಿ ಗೆರೆ ಎಳೆದ ಚೆಂಡೂ ಬೇಡ, ಆ ಶಾಯಿ ಬಿಳಿ ಪರದೆಗೆ ಮೆತ್ತಿಕೊಂಡರೆ ಮತ್ತೆ ಹೋಗುವುದೇ ಇಲ್ಲ. ಕೆಲವು ರಾಡಾರ್ ಸಾಧನಗಳಿಗೆ ಚೆಂಡಿನ ಮೇಲೆ ಬೊಟ್ಟಿನಂಥ ಲೋಹದ ಸ್ಟಿಕ್ಕರ್ ಅಂಟಿಸಬೇಕು. ಅದರ ಅಂಚು ಎದ್ದಿದ್ದರೆ ತೆಗೆದು ಬೇರೆ ಹಚ್ಚಿ. ಬಲೆಗೆ ಈ ಯಾವ ಮಡಿಯೂ ಇಲ್ಲ. ಕೊಳಕು ಚೆಂಡು, ಹಳೇ ಚೆಂಡು, ಎಲ್ಲ ನಡೆಯುತ್ತದೆ.

ಎಲ್ಲರ ಚೆಂಡೂ ಒಂದೇ ಜಾಗಕ್ಕೆ ಬಡಿಯುವುದರಿಂದ ನಡುವಿನ ಎರಡಡಿಯೇ ಮೊದಲು ಸವೆಯುತ್ತದೆ. ಪರದೆಯ ಮೇಲೆ ಕೆಳಗೆ ಎರಡೂ ಕಡೆ ರಿಂಗು ಇರುವುದನ್ನೇ ಕೊಳ್ಳಿ, ವರ್ಷಕ್ಕೊಮ್ಮೆ ತಲೆಕೆಳಗು ಮಾಡಿ ಕಟ್ಟಬಹುದು. ಬಲೆಯಾದರೆ ತಿಂಗಳಿಗೊಮ್ಮೆ ಆ ಜಾಗದಲ್ಲಿ ಎರಡು ಬೆರಳು ತೂರಿಸಿ ಎಳೆದು ನೋಡಿ. ಎಳೆ ನೂಲು ನೂಲಾಗಿ ಬಿಡುತ್ತಿದ್ದರೆ ಅದರ ಹಿಂದೆ ಇನ್ನೊಂದು ತುಂಡು ಕಟ್ಟುವ ಕಾಲ ಬಂತು.

ನನ್ನ ಗ್ಯಾರೇಜಿನಲ್ಲಿ ಈಗ ಇರುವುದು ಬಿಳಿ ಒತ್ತು ಬಲೆ, ಹಿಂದೆ ಕಪ್ಪು ಬಟ್ಟೆ, ಪಕ್ಕಕ್ಕೆ ಸಾದಾ ಬಲೆ. ಮೂರು ಪದರದ ಪರದೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ, ಡಿಸೆಂಬರ್ ರಜೆಗೆ ಸ್ನೇಹಿತರು ಬಂದಾಗ ಇಳಿಸುತ್ತೇನೆ. ಮೈಸೂರಿನಲ್ಲಿ ಹೊಸ ಬಲೆ ಎರಡನೇ ವರ್ಷಕ್ಕೆ ಕಾಲಿಟ್ಟಿದೆ. ಹಳೇ ಕ್ರಿಕೆಟ್ ಬಲೆ ಅದರ ಹಿಂದೆ, ಮೂರಡಿ ದೂರದಲ್ಲಿ, ತಪ್ಪಿದ ಚೆಂಡಿಗೆ ವೇಗ ಮುರಿಯಲು. ಜೂನ್ ಮಳೆ ಶುರುವಾದರೆ ಎರಡನ್ನೂ ಇಳಿಸುತ್ತಾನೆ. ಪಕ್ಕದ ಮನೆ ಅಂಕಲ್ ಮಾತ್ರ ಮಗು ಕ್ಲಬ್ಬು ಹಿಡಿದು ಮೆಟ್ಟಿಲು ಹತ್ತುವುದು ಕಂಡರೆ ಇನ್ನೂ ಸೋಲಾರ್ ಮೇಲೆ ಹಳೇ ಕಂಬಳಿ ಹೊದಿಸಿ ಬರುತ್ತಾರೆ.